ಆರ್ಚಿಗೆ ಪ್ರಮಾಣಪತ್ರ, ಕಂಗನಾಗೆ ರಜತ ಕಮಲ: 2015ರ ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತು?

ಅಕ್ಕಲಕೋಟ: ಸಿನಿಮಾ ಪ್ರಶಸ್ತಿಯ ಜಗಳ ಅಂದರೆ ಅದು ಮುಂಬೈಯವರದು, ಬೆಂಗಳೂರಿನವರದು, ನಮಗೇನು ಎಂದು ನಾವು ಗಡಿಭಾಗದವರು ಸುಮ್ಮನಿರುವುದೇ ಹೆಚ್ಚು. ಆದರೆ ಒಂದು ವರ್ಷದ ಜಗಳ ಮಾತ್ರ ನಮ್ಮ ಸೋಲಾಪುರ ಜಿಲ್ಲೆಯದೇ. ಅದು 2015ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ. ಆ ಸಾಲಿನ ಶ್ರೇಷ್ಠ ನಟಿ ಯಾರು? ರಜತ ಕಮಲ ಪಡೆದ ಕಂಗನಾ ರನೌತ್ ಅವರೋ, ಬರೀ 'ವಿಶೇಷ ಉಲ್ಲೇಖ' ಪಡೆದ ನಮ್ಮ ಅಕ್ಲೂಜದ ರಿಂಕು ರಾಜಗುರುವೋ?

ಇಷ್ಟು ವರ್ಷ ಕಳೆದರೂ 'ಸೈರಾಟ' ಟಿವಿಯಲ್ಲಿ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಈ ಮಾತು ಎದ್ದೇ ಏಳುತ್ತದೆ.

"ಅಕಿ ಏನ್ ಆಕ್ಟಿಂಗ್ ಮಾಡ್ಯಾಳ್ರೀ? ಅಕ್ಲೂಜದ ಹುಡುಗಿ, ಅಕ್ಲೂಜದ ಭಾಷಿ ಮಾತಾಡ್ಯಾಳ. ನಮ್ಮ ಮನಿ ಪೋರಿನೂ ಹಂಗಽ ಮಾತಾಡತಾಳ" ಎಂದು ಹಿರಿಯರೊಬ್ಬರು ಅಂದರೆ, "ಹಂಗಾದ್ರ ನಿಮ್ಮ ಮನಿ ಪೋರಿನ್ನ ಕ್ಯಾಮೆರಾ ಮುಂದ ನಿಂದರಸ್ರಿ ಕಾಕಾ, ನೋಡೂಣು" ಎಂದು ಕಾಲೇಜು ಹುಡುಗರು ತಿರುಗಿ ಹೇಳುತ್ತಾರೆ. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಆದರೆ ಆ ಕಾಕಾ ಕೇಳಿದ ಪ್ರಶ್ನೆ ನಗುವಂಥದ್ದಲ್ಲ. ತನ್ನ ಊರಿನ ಭಾಷೆಯನ್ನೇ ಆಡಿದರೆ, ತನ್ನಂಥವಳ ಪಾತ್ರವನ್ನೇ ಮಾಡಿದರೆ ಅದು ನಟನೆ ಹೌದೋ ಅಲ್ಲವೋ? ಇದಕ್ಕೆ ಉತ್ತರ ಹುಡುಕುವ ಮೊದಲು ಆ ವರ್ಷ ನಡೆದದ್ದೇನು, ಪ್ರಶಸ್ತಿ ಕೊಡುವ ರೀತಿ ಏನು ಎಂಬುದನ್ನು ನೋಡೋಣ.

ಬಿಡುಗಡೆಗೆ ಮೊದಲೇ ಪ್ರಶಸ್ತಿ!

ಪ್ರಶಸ್ತಿ ಪ್ರಕಟವಾದದ್ದು 2016ರ ಮಾರ್ಚ್ 28ರಂದು. 'ಸೈರಾಟ' ಬಿಡುಗಡೆಯಾದದ್ದು ಅದೇ ವರ್ಷದ ಏಪ್ರಿಲ್ 29ರಂದು. ಮೇ 3ರಂದು ದೆಹಲಿಯಲ್ಲಿ ಸಮಾರಂಭ ನಡೆಯಿತು. ಅಂದರೆ ರಿಂಕುಗೆ ಪ್ರಶಸ್ತಿ ಘೋಷಣೆಯಾದಾಗ ನಮ್ಮ ಜಿಲ್ಲೆಯಲ್ಲೇ ಆ ಚಿತ್ರವನ್ನು ಯಾರೂ ನೋಡಿರಲಿಲ್ಲ. 'ಕಂಗನಾಗೆ ಕೊಟ್ಟದ್ದು ತಪ್ಪು' ಎಂಬ ಮಾತು ಹುಟ್ಟಿದ್ದೇ ಒಂದು ತಿಂಗಳ ಮೇಲೆ, ಥೇಟರುಗಳ ಮುಂದೆ ಜನ ಜಾತ್ರೆಯಂತೆ ಸೇರಿದ ಮೇಲೆ.

2016ರಲ್ಲಿ ಬಂದ ಚಿತ್ರಕ್ಕೆ 2015ರ ಪ್ರಶಸ್ತಿ ಹೇಗೆ ಎಂದು ಅನೇಕರು ಕೇಳುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ರಾಷ್ಟ್ರೀಯ ಪ್ರಶಸ್ತಿಗೆ ಲೆಕ್ಕಕ್ಕೆ ಬರುವುದು ಬಿಡುಗಡೆಯ ದಿನವಲ್ಲ, ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದ ದಿನ. ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಪ್ರಮಾಣಪತ್ರ ಸಿಕ್ಕ ಚಿತ್ರಗಳು ಆ ಸಾಲಿಗೆ ಸೇರುತ್ತವೆ. ಸೋಲಾಪುರದಲ್ಲಿ ಬೆಳೆದ ಅತುಲ್ ಕುಲಕರ್ಣಿ ಅವರಿಗೂ ಹೀಗೇ ಆಗಿತ್ತು. 'ಹೇ ರಾಮ್' ಬಿಡುಗಡೆಯಾದದ್ದು 2000ದ ಫೆಬ್ರುವರಿಯಲ್ಲಿ, ಅವರಿಗೆ ಶ್ರೇಷ್ಠ ಪೋಷಕ ನಟ ಪ್ರಶಸ್ತಿ ಬಂದದ್ದು 1999ನೇ ಸಾಲಿಗೆ.

ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ದೇಶದ ಚಿತ್ರಗಳನ್ನು ಐದು ಪ್ರಾದೇಶಿಕ ಸಮಿತಿಗಳು ಮೊದಲು ನೋಡುತ್ತವೆ. ಮರಾಠಿ ಚಿತ್ರಗಳು ಪಶ್ಚಿಮ ಸಮಿತಿಗೆ, ಕನ್ನಡ ಚಿತ್ರಗಳು ದಕ್ಷಿಣದ ಎರಡನೇ ಸಮಿತಿಗೆ ಹೋಗುತ್ತವೆ. ಅಲ್ಲಿ ಪಾಸಾದವು ದೆಹಲಿಯ ಕೇಂದ್ರ ಸಮಿತಿಯ ಮುಂದೆ ಬರುತ್ತವೆ. ಆ ವರ್ಷ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದವರು 'ಶೋಲೆ'ಯ ನಿರ್ದೇಶಕ ರಮೇಶ್ ಸಿಪ್ಪಿ.

ಯಾರಿಗೆ ಏನು ಸಿಕ್ಕಿತು?

ಶ್ರೇಷ್ಠ ನಟ 'ಪೀಕು' ಚಿತ್ರದ ಅಮಿತಾಭ್ ಬಚ್ಚನ್. ಶ್ರೇಷ್ಠ ನಟಿ 'ತನು ವೆಡ್ಸ್ ಮನು ರಿಟರ್ನ್ಸ್' ಚಿತ್ರದ ಕಂಗನಾ ರನೌತ್. ವಿಶೇಷ ಉಲ್ಲೇಖ ಮೂವರಿಗೆ: ಮಲಯಾಳದ ಜಯಸೂರ್ಯ, ತಮಿಳಿನ 'ಇರುದಿ ಸುಟ್ರು' ಚಿತ್ರದ ರಿತಿಕಾ ಸಿಂಗ್, ಮತ್ತು ನಮ್ಮ ರಿಂಕು.

ಈ ಎರಡರ ನಡುವಿನ ಅಂತರವನ್ನು ಗಮನಿಸಬೇಕು. ಶ್ರೇಷ್ಠ ನಟಿಗೆ ಆಗ ರಜತ ಕಮಲ ಮತ್ತು 50,000 ರೂಪಾಯಿ. ವಿಶೇಷ ಉಲ್ಲೇಖಕ್ಕೆ ಒಂದು ಪ್ರಮಾಣಪತ್ರ, ಅಷ್ಟೇ. ಶಾಲೆಯ ಸ್ಪರ್ಧೆಯಲ್ಲಿ ಮೊದಲ ಮೂರು ಬಹುಮಾನ ಹಂಚಿದ ಮೇಲೆ 'ಈ ಮಗುವೂ ಚೆನ್ನಾಗಿ ಮಾಡಿತು' ಎಂದು ಗುರುಗಳು ಬೆನ್ನು ತಟ್ಟುತ್ತಾರಲ್ಲ, ಹಾಗೆ.

ರಿಂಕು ಹುಟ್ಟಿದ್ದು 2001ರ ಜೂನ್‌ನಲ್ಲಿ. ಪ್ರಶಸ್ತಿ ಪ್ರಕಟವಾದಾಗ ಆಕೆಗೆ ಇನ್ನೂ 14. ಹಾಗಿದ್ದರೆ ಬಾಲ ಕಲಾವಿದರ ವಿಭಾಗದಲ್ಲಾದರೂ ಸಿಗಬಹುದಿತ್ತಲ್ಲ? ಅದು ಹೋದದ್ದು ಮಲಯಾಳದ 'ಬೆನ್' ಚಿತ್ರದ ಗೌರವ್ ಮೆನನ್‌ಗೆ. ನಾಗರಾಜ ಮಂಜುಳೆ ಅವರ ಮೊದಲ ಚಿತ್ರ 'ಫಂಡ್ರಿ'ಯ ಹುಡುಗ ಸೋಮನಾಥ ಅವಘಡೆಗೆ 2013ನೇ ಸಾಲಿನಲ್ಲಿ ಇದೇ ಬಾಲ ಕಲಾವಿದ ಪ್ರಶಸ್ತಿ ಬಂದಿತ್ತು. ಆತನೂ ನಮ್ಮ ಜಿಲ್ಲೆಯವನೇ. ಆದರೆ ಆರ್ಚಿ ಬಾಲಕಿಯ ಪಾತ್ರವಲ್ಲ. ಕಾಲೇಜು ಹುಡುಗಿ, ಆಮೇಲೆ ಹೆಂಡತಿ, ಆಮೇಲೆ ತಾಯಿ. ಹೀಗಾಗಿ ವಯಸ್ಸಿನಲ್ಲಿ ಬಾಲೆ, ಪಾತ್ರದಲ್ಲಿ ನಾಯಕಿ ಆದ ರಿಂಕು ಆ ಕಡೆಗೂ ಸಲ್ಲಲಿಲ್ಲ, ಈ ಕಡೆಗೂ ಸಲ್ಲಲಿಲ್ಲ.

ಕಂಗನಾ ಪರವಾದ ಮಾತು

ನಮ್ಮ ಜಿಲ್ಲೆಯ ಹುಡುಗಿ ಎಂದು ಎದುರಿನವರ ಕೆಲಸವನ್ನು ಸಣ್ಣದು ಮಾಡಬಾರದು. 'ತನು ವೆಡ್ಸ್ ಮನು ರಿಟರ್ನ್ಸ್' ಚಿತ್ರದಲ್ಲಿ ಕಂಗನಾ ಅವರದು ಎರಡು ಪಾತ್ರ. ಒಬ್ಬಳು ತನು, ಮಾತಿನ ಮಲ್ಲಿ, ಹಟಮಾರಿ. ಇನ್ನೊಬ್ಬಳು ದತ್ತೋ, ಹರಿಯಾಣದ ಹಳ್ಳಿಯಿಂದ ದೆಹಲಿಗೆ ಓದಲು ಬಂದ ಕ್ರೀಡಾಪಟು. ಹಿಂದೆ ದ್ವಿಪಾತ್ರ ಎಂದರೆ ಒಂದಕ್ಕೆ ಮೀಸೆ, ಇನ್ನೊಂದಕ್ಕೆ ಕನ್ನಡಕ ಹಚ್ಚಿ ಮುಗಿಸುತ್ತಿದ್ದರು. ಇಲ್ಲಿ ಹಾಗಿಲ್ಲ. ನಡಿಗೆ ಬೇರೆ, ನಿಲ್ಲುವ ರೀತಿ ಬೇರೆ, ದನಿ ಬೇರೆ. ಇಬ್ಬರೂ ಎದುರುಬದುರು ನಿಂತಾಗ ಒಬ್ಬಳೇ ನಟಿ ಎಂಬುದು ಮರೆತೇ ಹೋಗುತ್ತದೆ.

ಹಿಮಾಚಲ ಪ್ರದೇಶದ ಕಂಗನಾಗೆ ಹರಿಯಾಣವಿ ಮನೆಮಾತಲ್ಲ. ಅವರು ಅದನ್ನು ಕಲಿತು ಆಡಿದರು. 'ಇದು ನಟನೆ. ರಿಂಕು ಆಡಿದ್ದು ತನ್ನದೇ ಮಾತು, ಅದರಲ್ಲಿ ಕಲಿಯುವುದೇನು?' ಎಂಬುದು ಅವರ ಪರ ವಾದಿಸುವವರ ಮುಖ್ಯ ಅಸ್ತ್ರ.

ಹಿಂದಿನ ವರ್ಷ, ಅಂದರೆ 2014ನೇ ಸಾಲಿಗೆ, 'ಕ್ವೀನ್' ಚಿತ್ರಕ್ಕಾಗಿ ಕಂಗನಾ ಅವರಿಗೆ ಇದೇ ಪ್ರಶಸ್ತಿ ಬಂದಿತ್ತು. ಅದಕ್ಕೇ ಈ ಸಲ ಬೇರೆಯವರಿಗೆ ಕೊಡಬೇಕಿತ್ತು ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಪ್ರಶಸ್ತಿ ಸರದಿಯ ರೇಶನ್ ಅಲ್ಲ. ಎರಡು ವರ್ಷ ಚೆನ್ನಾಗಿ ಮಾಡಿದವರಿಗೆ ಎರಡು ವರ್ಷವೂ ಕೊಡಬೇಕು. ರಿಂಕು ಪರ ವಾದ ಮಾಡುವುದಾದರೆ ಅದು ಆಕೆಯ ಕೆಲಸದ ಮೇಲೇ ನಿಲ್ಲಬೇಕು.

ಮೊದಲರ್ಧ ಊರಿನದು, ಎರಡನೆಯದು ಹೈದರಾಬಾದಿನದು

'ಸೈರಾಟ' ನೋಡಿದವರಿಗೆ ಮೊದಲು ನೆನಪಾಗುವುದು ಮೊದಲರ್ಧವೇ. ಬುಲೆಟ್ ಓಡಿಸುವ, ಟ್ರ್ಯಾಕ್ಟರ್ ಹೊಡೆಯುವ, ಬಾವಿಯಲ್ಲಿದ್ದ ಹುಡುಗರಿಗೆ ಮೇಲೆ ಬನ್ನಿ ಎಂದು ಅಪ್ಪಣೆ ಮಾಡುವ ಪಾಟೀಲರ ಮಗಳು. ಕರಮಾಳ ಭಾಗದ ಊರು, ಕಬ್ಬಿನ ಹೊಲ, ಅಲ್ಲಿನದೇ ಒರಟು ಮರಾಠಿ. ಮಂಜುಳೆ ಅವರು ಕರಮಾಳ ತಾಲೂಕಿನ ಜೇವೂರದವರು (ನಮ್ಮ ಅಕ್ಕಲಕೋಟ ತಾಲೂಕಿನ ಜೇವೂರವಲ್ಲ). ರಿಂಕು ಮಾಳಶಿರಸ ತಾಲೂಕಿನ ಅಕ್ಲೂಜದವಳು, ಸಕ್ಕರೆ ಕಾರ್ಖಾನೆಯ ಊರಿನವಳು. ಇಲ್ಲಿಯವರೆಗೆ ಕಾಕಾ ಹೇಳಿದ್ದು ಸ್ವಲ್ಪ ಮಟ್ಟಿಗೆ ನಿಜ. ಆ ಹುಡುಗಿಗೆ ಈ ಗಾಳಿ, ಈ ಮಾತು ಹೊಸದಲ್ಲ.

ಆದರೆ ಚಿತ್ರದ ಇನ್ನರ್ಧ ನಡೆಯುವುದು ಹೈದರಾಬಾದಿನಲ್ಲಿ. ಆರ್ಚಿ ಮತ್ತು ಪರಶ್ಯಾ ಮನೆಯವರಿಂದ ತಪ್ಪಿಸಿಕೊಂಡು ಅಲ್ಲಿಗೆ ಓಡುತ್ತಾರೆ. ಗುಡಿಸಲಿನಂಥ ಖೋಲಿ, ಗುರುತಿಲ್ಲದ ಜನ, ತಿಳಿಯದ ತೆಲುಗು. ಊರೆಲ್ಲ ನಡುಗಿಸುತ್ತಿದ್ದ ಹುಡುಗಿಯ ಕೈಯಲ್ಲಿ ಬುಲೆಟ್ ಇಲ್ಲ, ಅಪ್ಪನ ಹೆಸರಿಲ್ಲ, ಜೋರು ಮಾಡುವ ಭಾಷೆಯೂ ಇಲ್ಲ. ಕಾರ್ಖಾನೆಯಲ್ಲಿ ಕೂಲಿ. ಗಂಡಾಗುವವನಿಗೆ ಸಂಶಯ, ಹೊಡೆತ. ಬಿಟ್ಟು ಹೋಗಲು ಹೊರಡುತ್ತಾಳೆ, ಮತ್ತೆ ತಿರುಗಿ ಬರುತ್ತಾಳೆ. ಮುಂದೆ ಮದುವೆ, ಮಗು, ಸ್ವಂತ ಮನೆಯ ಕನಸು, ತವರಿಗೆ ಒಂದು ಫೋನು.

ಈ ಭಾಗವನ್ನು ಇನ್ನೊಮ್ಮೆ ನೋಡಿ. ಮೊದಲರ್ಧದ ಗತ್ತು ಒಂದೊಂದೇ ಕಳಚುತ್ತ ಹೋಗುತ್ತದೆ. ದನಿ ಇಳಿಯುತ್ತದೆ, ಭುಜ ಬಾಗುತ್ತದೆ. ಮುಂದೆ ಅದೇ ಹುಡುಗಿ ಸಲೀಸಾಗಿ ತೆಲುಗು ಮಾತಾಡುವ ಸಂಸಾರಸ್ಥ ಹೆಂಗಸಾಗಿ ನಿಲ್ಲುತ್ತಾಳೆ. ಊರಿನ ಆರ್ಚಿ ಅಲ್ಲೆಲ್ಲೋ ಒಳಗೆ ಇನ್ನೂ ಇದ್ದಾಳೆ ಎಂಬುದೂ ಕಣ್ಣಲ್ಲಿ ಕಾಣುತ್ತದೆ.

ಇದನ್ನು ಶಾಲೆಗೆ ಹೋಗುವ ಹುಡುಗಿ ಎಲ್ಲಿ ಬದುಕಿ ಕಲಿತಿದ್ದಳು? ಮನೆ ಬಿಟ್ಟು ಓಡಿದ್ದಳೇ? ಕಾರ್ಖಾನೆಯಲ್ಲಿ ದುಡಿದಿದ್ದಳೇ? ಮಗು ಹೆತ್ತಿದ್ದಳೇ? 'ಅಕಿ ಇರೋದಽ ಹಂಗ' ಎಂಬ ಮಾತು ಹೈದರಾಬಾದಿಗೆ ರೈಲು ಹತ್ತಿದ ಕೂಡಲೇ ಬಿದ್ದುಹೋಗುತ್ತದೆ.

ನಮ್ಮವರಿಗೆ ಈ ಭಾಗ ಬೇರೆಯವರಿಗಿಂತ ಹೆಚ್ಚು ತಾಗುತ್ತದೆ. ಅಕ್ಕಲಕೋಟ ರೋಡ್, ದುಧನಿ, ಕಲಬುರ್ಗಿ, ವಾಡಿ ದಾಟಿ ಅದೇ ದಾರಿಯಲ್ಲಿ ಹೈದರಾಬಾದಿಗೆ ದುಡಿಯಲು ಹೋದವರು ನಮ್ಮಲ್ಲಿಯೂ ಇದ್ದಾರೆ. ಊರಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಅಲ್ಲಿ ಹೋದರೆ ತೆಲುಗು. ಭಾಷೆ ಬದಲಾದಾಗ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ಎಂಬುದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಿಲ್ಲ. ರಿಂಕು ಅದನ್ನು ಮಾತಿಲ್ಲದೆ ತೋರಿಸಿದಳು.

ಅದೇ ವರ್ಷ ಮಂಡ್ಯದಲ್ಲೂ ಇದೇ ಕಥೆ

ಇನ್ನೊಂದು ಕಾಕತಾಳೀಯ ನೋಡಿ. ಅದೇ 2015ನೇ ಸಾಲಿನ ಶ್ರೇಷ್ಠ ಕನ್ನಡ ಚಿತ್ರ 'ತಿಥಿ'. ನಿರ್ದೇಶಕ ರಾಮ್ ರೆಡ್ಡಿ, ಕಥೆಯಲ್ಲಿ ಅವರ ಜೊತೆಗಿದ್ದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣ. ನಟಿಸಿದವರು ಆ ಭಾಗದ ಹಳ್ಳಿಯ ಜನರೇ. ಅಲ್ಲಿಯ ಮಾತು ನಮ್ಮ ಕಡೆಯವರಿಗೆ ಒಂದೇ ಸಲಕ್ಕೆ ತಿಳಿಯುವುದಿಲ್ಲ, ನಮ್ಮ ಕನ್ನಡ ಅವರಿಗೆ ತಿಳಿಯದ ಹಾಗೆಯೇ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಆ ಚಿತ್ರಕ್ಕೆ 2015ರಲ್ಲಿಯೇ ಬಹುಮಾನ ಬಂದಿತ್ತು.

ಅದರಲ್ಲಿ ಗಡ್ಡಪ್ಪನ ಪಾತ್ರ ಮಾಡಿದ ಚನ್ನೇಗೌಡರನ್ನು ನೋಡಿದವರು ಮರೆಯಲಾರರು. ಅಪ್ಪ ಸತ್ತ ಸುದ್ದಿ ಬಂದರೂ ಏನೂ ಆಗದವರಂತೆ ನಡೆಯುತ್ತಲೇ ಇರುವ ಮುದುಕ. ತನ್ನ ಹಿಂದಿನ ಬದುಕನ್ನು ಬೆಂಕಿಯ ಮುಂದೆ ಕೂತು ಹೇಳುವಾಗ ಮುಖದ ಒಂದು ನರವೂ ಅಲುಗುವುದಿಲ್ಲ, ಕೇಳುವವರ ಎದೆ ಅಲುಗುತ್ತದೆ. ಚಿತ್ರಕ್ಕೆ ಪ್ರಶಸ್ತಿ ಬಂತು. ನಟರಿಗೆ ರಾಷ್ಟ್ರೀಯ ಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖವೂ ಬರಲಿಲ್ಲ. ಅಲ್ಲಿಯೂ ಜನ ಹೇಳಿದ್ದು ಅದೇ: 'ಅವರು ನಟಿಸಿಲ್ಲ, ಇದ್ದ ಹಾಗೆ ಇದ್ದಾರೆ.'

ರಿತಿಕಾ ಸಿಂಗ್ ವಿಷಯವೂ ಇಂಥದ್ದೇ. ಆಕೆ ನಿಜ ಜೀವನದಲ್ಲಿ ಕಿಕ್ ಬಾಕ್ಸಿಂಗ್ ಪಟು, ಚಿತ್ರದಲ್ಲಿ ಬಾಕ್ಸರ್. ಸಿಕ್ಕದ್ದು ವಿಶೇಷ ಉಲ್ಲೇಖ. ಜಯಸೂರ್ಯ ಅವರು ಪಳಗಿದ ನಟ, ಅವರಿಗೂ ಅದೇ ಸಿಕ್ಕಿದ್ದರಿಂದ ಹೊಸಬರನ್ನೆಲ್ಲ ಬೇಕೆಂದೇ ಬದಿಗೆ ಕೂರಿಸಿದರು ಎಂದು ಹೇಳಲಾಗದು. ಆದರೂ ತನ್ನ ಬದುಕನ್ನೇ ಪರದೆಗೆ ತಂದವರನ್ನು ಹೊಗಳುತ್ತೇವೆ, ಕಿರೀಟ ಮಾತ್ರ ವೇಷ ಬದಲಿಸಿದವರಿಗೆ ಇಡುತ್ತೇವೆ ಎಂಬುದು ನಿಜ.

ವೇಷಕ್ಕೆ ಪ್ರಶಸ್ತಿ, ತಪ್ಪೇನಿಲ್ಲ

ಹಳೆಯ ಪಟ್ಟಿ ತೆಗೆದು ನೋಡಿದರೆ ಇದು ಕಾಣುತ್ತದೆ. 2008ನೇ ಸಾಲಿಗೆ ಮರಾಠಿಯ 'ಜೋಗವಾ' ಚಿತ್ರಕ್ಕಾಗಿ ಉಪೇಂದ್ರ ಲಿಮಯೆ ಶ್ರೇಷ್ಠ ನಟರಾದರು. ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಬದುಕಬೇಕಾದ ಜೋಗತ್ಯಾನ ಪಾತ್ರ. ಸವದತ್ತಿಗೆ ಹೋಗಿಬರುವ ನಮ್ಮ ಜನಕ್ಕೆ ಈ ಕಥೆ ಹೊಸದಲ್ಲ. 2014ನೇ ಸಾಲಿಗೆ 'ನಾನು ಅವನಲ್ಲ ಅವಳು' ಚಿತ್ರದಲ್ಲಿ ಹೆಣ್ಣಾಗಿ ಬದಲಾಗುವ ಪಾತ್ರಕ್ಕೆ ಸಂಚಾರಿ ವಿಜಯ್ ಶ್ರೇಷ್ಠ ನಟರಾದರು. ಇಬ್ಬರೂ ತಮ್ಮದಲ್ಲದ ದೇಹ, ತಮ್ಮದಲ್ಲದ ನೋವು ಹೊತ್ತು ನಡೆದರು. ಅವರಿಗೆ ಸಂದದ್ದು ನ್ಯಾಯವೇ.

ಆದರೆ ಚಿಕ್ಕವರಿಗೆ, ಹೊಸಬರಿಗೆ ದೊಡ್ಡ ಪ್ರಶಸ್ತಿ ಕೊಡಬಾರದು ಎಂಬ ಪದ್ಧತಿ ಎಂದೂ ಇರಲಿಲ್ಲ. 1979ನೇ ಸಾಲಿಗೆ ತಮಿಳಿನ 'ಪಸಿ' ಚಿತ್ರಕ್ಕೆ ಶ್ರೇಷ್ಠ ನಟಿಯಾದ ಶೋಭಾಗೆ ಆಗ 17 ವರ್ಷ. ಕನ್ನಡದ 'ಅಪರಿಚಿತ' ನೋಡಿದವರಿಗೆ ಆಕೆಯ ನೆನಪಿರಬಹುದು. 1974ನೇ ಸಾಲಿಗೆ 'ಅಂಕುರ್' ಚಿತ್ರಕ್ಕೆ ಶಬಾನಾ ಆಜ್ಮಿ ಗೆದ್ದಾಗ ಅದು ತೆರೆಕಂಡ ಅವರ ಮೊದಲ ಚಿತ್ರ.

ತನ್ನ ಊರಿನ ಮಾತು ಆಡಿದರೆ ಪ್ರಶಸ್ತಿ ಇಲ್ಲ ಎಂಬುದಕ್ಕೂ ಮುಂದೆ ಉತ್ತರ ಸಿಕ್ಕಿತು. 2022ನೇ ಸಾಲಿನ ಶ್ರೇಷ್ಠ ನಟ 'ಕಾಂತಾರ'ದ ರಿಷಬ್ ಶೆಟ್ಟಿ. ಕುಂದಾಪುರ ಕಡೆಯ ಕೆರಾಡಿ ಅವರ ಊರು, ಚಿತ್ರೀಕರಣವೂ ಅಲ್ಲಿಯೇ, ಮಾತೂ ಆ ಕರಾವಳಿಯದೇ. 'ಅವರು ಇರುವುದೇ ಹಾಗೆ' ಎಂದು ಯಾರೂ ಅನ್ನಲಿಲ್ಲ. ಕೊನೆಯ ದೈವದ ದೃಶ್ಯದಲ್ಲಿ ಅವರು ಪೂರಾ ಬೇರೆಯೇ ಆಗುತ್ತಾರೆ, ಅದು ಬೇರೆ ಮಾತು. ರಿಂಕು ಕೂಡ ಬೇರೆಯೇ ಆದಳು. ಆದರೆ ಬಣ್ಣವಿಲ್ಲದೆ, ಗದ್ದಲವಿಲ್ಲದೆ.

ಹಾಗಾದರೆ ತೀರ್ಪು?

ಹಂಚಿ ಕೊಡುವುದಕ್ಕೂ ದಾರಿ ಇತ್ತು. 2001ನೇ ಸಾಲಿನ ಶ್ರೇಷ್ಠ ನಟಿ ಪ್ರಶಸ್ತಿಯನ್ನು 'ಚಾಂದನಿ ಬಾರ್' ಚಿತ್ರದ ತಬು ಮತ್ತು 'ಮಿತ್ರ್' ಚಿತ್ರದ ಶೋಭನಾ ಹಂಚಿಕೊಂಡರು. ಅದೇ 'ಚಾಂದನಿ ಬಾರ್' ನಮ್ಮ ಅತುಲ್ ಕುಲಕರ್ಣಿ ಅವರಿಗೆ ಎರಡನೇ ರಾಷ್ಟ್ರೀಯ ಪ್ರಶಸ್ತಿ ತಂದಿತು. 2012ನೇ ಸಾಲಿನಲ್ಲಿ ಇರ್ಫಾನ್ ಖಾನ್ ಮತ್ತು ಮರಾಠಿಯ ವಿಕ್ರಮ್ ಗೋಖಲೆ ಶ್ರೇಷ್ಠ ನಟ ಪ್ರಶಸ್ತಿ ಹಂಚಿಕೊಂಡರು. 2015ರಲ್ಲಿಯೂ ಹಾಗೆ ಮಾಡಿದ್ದರೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ.

ಆದರೆ ಒಂದೇ ಮತ ನನ್ನ ಕೈಯಲ್ಲಿದ್ದರೆ? ರಿಂಕುಗೆ ಹಾಕುತ್ತೇನೆ. ನಮ್ಮ ಜಿಲ್ಲೆಯವಳು ಎಂದಲ್ಲ. ಕಂಗನಾ ಇಬ್ಬರು ಹೆಂಗಸರನ್ನು ಅಕ್ಕಪಕ್ಕ ನಿಲ್ಲಿಸಿ ತೋರಿಸಿದರು, ಅದು ದೊಡ್ಡ ಕೌಶಲ. ರಿಂಕು ಒಬ್ಬಳೇ ಹೆಂಗಸು ಮೂರು ತಾಸಿನಲ್ಲಿ ಇನ್ನೊಬ್ಬಳಾಗಿ ಬದಲಾಗುವುದನ್ನು ತೋರಿಸಿದಳು. ಎಲ್ಲಿ ಬದಲಾದಳು ಎಂದು ಬೆರಳಿಟ್ಟು ಹೇಳಲು ಬರುವುದಿಲ್ಲ. ನನ್ನ ಪಾಲಿಗೆ ಎರಡನೆಯದು ಹೆಚ್ಚು ಕಷ್ಟದ್ದು.

ಇದಕ್ಕೆ ಎದುರು ವಾದವೊಂದಿದೆ, ಅದನ್ನು ಮುಚ್ಚಿಡಬಾರದು. 'ಸೈರಾಟ' 2017ರಲ್ಲಿ ಕನ್ನಡಕ್ಕೆ 'ಮನಸು ಮಲ್ಲಿಗೆ'ಯಾಗಿ ಬಂತು. ಎಸ್. ನಾರಾಯಣ್ ನಿರ್ದೇಶನ, ನಾಯಕಿ ಅದೇ ರಿಂಕು. ಕಥೆ ಅದೇ, ಮುಖ ಅದೇ, ಆದರೂ ಅದು ಮರಾಠಿಯಷ್ಟು ಹೆಸರು ಮಾಡಲಿಲ್ಲ. 'ನೋಡಿದಿರಾ, ಊರಿನ ಮರಾಠಿ ತೆಗೆದ ಮೇಲೆ ಏನು ಉಳಿಯಿತು?' ಎಂದು ಕೇಳಬಹುದು. ಹಿಂದಿಯಲ್ಲಿ 2018ರಲ್ಲಿ 'ಧಡಕ್' ಆಗಿ ಉದಯಪುರಕ್ಕೆ ಹೋದಾಗಲೂ ಇದೇ ಮಾತು ಬಂತು.

ನನ್ನ ಉತ್ತರ ಇಷ್ಟು. ರೈತನ ಕೈಯಿಂದ ಕುಡುಗೋಲು ಕಸಿದುಕೊಂಡು 'ನೋಡು, ಇವನಿಗೆ ಕೊಯ್ಯಲು ಬರುವುದಿಲ್ಲ' ಎನ್ನಬಾರದು. ಮಾತು ನಟನ ಆಯುಧ. ದತ್ತೋಳ ಹರಿಯಾಣವಿ ತೆಗೆದು ಪುಸ್ತಕದ ಹಿಂದಿ ಹಾಕಿದರೆ ಕಂಗನಾ ಅವರ ಅರ್ಧ ಕೆಲಸ ಹೋಗುತ್ತದೆ. ಕಲಿತ ಮಾತಿಗೆ ಬೆಲೆ ಇದೆ ಅಂದರೆ ಹುಟ್ಟಿನಿಂದ ಬಂದ ಮಾತಿಗೂ ಇರಬೇಕು. ಆ ಮಾತಿನಲ್ಲಿ ಸಿಟ್ಟು ಎಷ್ಟು, ಹಾಸ್ಯ ಎಷ್ಟು, ಅಳು ಎಷ್ಟು ಎಂದು ಅಳತೆ ಮಾಡಿ ಆಡುವುದು ಹುಟ್ಟಿನಿಂದ ಬರುವುದಿಲ್ಲ.

ಈ ಜಗಳ ನಮಗೆ ಯಾಕೆ ಬೇಕು ಎಂದರೆ ಇದಕ್ಕೇ. ನಮ್ಮ ಮಕ್ಕಳು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಓದಿ ಸೋಲಾಪುರಕ್ಕೆ ಹೋದರೆ ಅವರ ಮರಾಠಿ ಕೇಳಿ ನಗುವವರಿದ್ದಾರೆ, ಬೆಂಗಳೂರಿಗೆ ಹೋದರೆ ಅವರ ಕನ್ನಡ ಕೇಳಿ ನಗುವವರಿದ್ದಾರೆ. ಸಿನಿಮಾದಲ್ಲಿಯೂ ನಮ್ಮ ಮಾತು ಬಹಳ ಕಾಲ ನಗಿಸುವವನ ಬಾಯಲ್ಲಿಯೇ ಇತ್ತು. ಸೋಲಾಪುರ ಕಡೆಯ ಹಳ್ಳಿ ಮಾತನ್ನು ಒಬ್ಬ ಹುಡುಗಿ ನಾಯಕಿಯಾಗಿ ನಿಂತು, ಯಾರಿಗೂ ಹೆದರದೆ ಆಡಿದಳು. ಅದನ್ನು ಕೇಳಲು ಜನ ಮುಗಿಬಿದ್ದರು. ಮರಾಠಿಯಲ್ಲಿ ನೂರು ಕೋಟಿ ದಾಟಿದ ಮೊದಲ ಚಿತ್ರ ಎಂದು 'ಸೈರಾಟ' ಹೆಸರಾಯಿತು.

ದೊಡ್ಡ ಪ್ರಶಸ್ತಿ ಬಾರದವರೇನೂ ಸಣ್ಣವರಾಗುವುದಿಲ್ಲ. ಡಾ. ರಾಜಕುಮಾರ್ ಅವರಿಗೆ ಹಾಡಿಗಾಗಿ ರಾಷ್ಟ್ರೀಯ ಪ್ರಶಸ್ತಿ ಬಂತು, ಫಾಲ್ಕೆ ಪ್ರಶಸ್ತಿ ಬಂತು, ಶ್ರೇಷ್ಠ ನಟ ಪ್ರಶಸ್ತಿ ಮಾತ್ರ ಒಮ್ಮೆಯೂ ಬರಲಿಲ್ಲ. ಆ ಮೇರುನಟನೇ ಇರುವ ಸಾಲಿನಲ್ಲಿ ರಿಂಕು ನಿಲ್ಲುವುದೂ ಒಂದು ಗೌರವವೇ.

ಆದರೂ ಮುಂದಿನ ಸಲ 'ಸೈರಾಟ' ಬಂದಾಗ ಕಾಕಾ ಅವರಿಗೆ ನನ್ನದೊಂದು ವಿನಂತಿ. ಹಾಡು ಮುಗಿಯಿತು ಎಂದು ಏಳಬೇಡಿ. ಹೈದರಾಬಾದಿನ ಭಾಗ ಬರುವವರೆಗೆ ಕೂಡ್ರಿ, ಚಹಾ ನಾನು ಹೇಳತೇನಿ. ಆಮೇಲೆ ಹೇಳ್ರಿ, ಅಕಿ ಆಕ್ಟಿಂಗ್ ಮಾಡ್ಯಾಳೋ ಇಲ್ಲೋ ಅಂತ.